ಬೆಂಗಳೂರು ಮುಸ್ಲಿಮ್ಸ್: ಹಿರಿಯರ ನೆನಪಿನಲ್ಲಿ ಉಳಿದ ಒಂದು ತಂಡ

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಮನೆಗಳಲ್ಲಿ ಜುಮಾ ನಮಾಝ್ ಮುಗಿಸಿ ಊಟಕ್ಕೆ ಕೂತಾಗ ಹಿರಿಯರು ಎರಡು ವಿಷಯ ತೆಗೆಯುತ್ತಿದ್ದರು. ಮೊದಲನೆಯದು ಆ ದಿನದ ಖುತ್ಬಾ. ಎರಡನೆಯದು ಫುಟ್‌ಬಾಲ್. ಖುತ್ಬಾದ ಬಗ್ಗೆ ಮಾತನಾಡುವಾಗ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ದಾದಾಗಳು, ಫುಟ್‌ಬಾಲ್ ಮಾತು ಬಂದ ಕೂಡಲೇ ದಸ್ತರಖಾನಿನ ಮೇಲಿದ್ದ ಲೋಟಗಳನ್ನೂ ಉಪ್ಪಿನ ಡಬ್ಬಿಯನ್ನೂ ಆಟಗಾರರನ್ನಾಗಿ ಮಾಡಿ, ಯಾರು ಯಾರಿಗೆ ಚೆಂಡು ಕೊಟ್ಟರು, ಗೋಲು ಹೇಗೆ ಬಿತ್ತು ಎಂದು ತೋರಿಸುತ್ತಿದ್ದರು. ಅವರ ಬಾಯಲ್ಲಿ ಬರುತ್ತಿದ್ದ ತಂಡದ ಹೆಸರು ಒಂದೇ: ಬೆಂಗಳೂರು ಮುಸ್ಲಿಮ್ಸ್.

ಇಂದಿನ ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿಲ್ಲ. ಯುರೋಪಿನ ಕ್ಲಬ್ಬುಗಳ ಜರ್ಸಿ ತೊಟ್ಟು ಗಲ್ಲಿಯಲ್ಲಿ ಆಡುವ ಹುಡುಗನನ್ನು ನಿಲ್ಲಿಸಿ, "ನಿನ್ನ ಮುತ್ತಾತನ ಕಾಲದಲ್ಲಿ ಇದೇ ಊರಿನ ಒಂದು ತಂಡ ಮುಂಬಯಿಗೆ ಹೋಗಿ ದೇಶದ ದೊಡ್ಡ ಕಪ್ ಗೆದ್ದು ಬಂದಿತ್ತು, ಒಂದಲ್ಲ ಮೂರು ಸಾರಿ" ಎಂದರೆ ಅವನು ನಂಬುವುದಿಲ್ಲ. ತಪ್ಪು ಅವನದಲ್ಲ. ಹೇಳಬೇಕಾದವರು ಹೇಳಲಿಲ್ಲ, ಬರೆಯಬೇಕಾದವರು ಬರೆಯಲಿಲ್ಲ. ಆ ಸಾಲದಲ್ಲಿ ಸ್ವಲ್ಪವನ್ನಾದರೂ ತೀರಿಸುವ ಪ್ರಯತ್ನ ಈ ಲೇಖನ.

ದಂಡಿನಲ್ಲಿ ಬೆಳೆದ ಆಟ

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಕಟ್ಟಿದರು. ಪೇಟೆ ಮಹಾರಾಜರದ್ದು, ದಂಡು ಬ್ರಿಟಿಷರದ್ದು. ಒಂದೇ ಊರಿನಲ್ಲಿ ಎರಡು ಆಡಳಿತ. ಈ ವ್ಯವಸ್ಥೆ 1947ರಲ್ಲಿ ದಂಡು ಮತ್ತೆ ಮೈಸೂರಿನ ಕೈಗೆ ಬರುವವರೆಗೂ ನಡೆಯಿತು. ದಂಡಿನ ಸೈನಿಕರ ಅಗತ್ಯ ಪೂರೈಸಲು ಬಂದವರು ಅದರ ಸುತ್ತ ನೆಲೆಸಿದರು. ಮಾಂಸದ ವ್ಯಾಪಾರಿಗಳು, ದರ್ಜಿಗಳು, ಚರ್ಮದ ಕೆಲಸದವರು, ಕುದುರೆ ನೋಡಿಕೊಳ್ಳುವವರು, ಜಟಕಾ ಓಡಿಸುವವರು, ಗುತ್ತಿಗೆದಾರರು. ಉರ್ದು, ತಮಿಳು, ಕನ್ನಡ, ತೆಲುಗು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಈಗ ನಾವು ಶಿವಾಜಿನಗರ ಎನ್ನುವ, ಆಗ ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಜಾಗ, ಹಲಸೂರು, ಫ್ರೇಜರ್ ಟೌನ್, ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರ ಎಲ್ಲವೂ ಈ ದಂಡಿನ ಜೊತೆ ಬೆಳೆದ ಮೊಹಲ್ಲಾಗಳು.

ಗೋರಾ ಪಲ್ಟನ್ನುಗಳ ಸಿಪಾಯಿಗಳು ಸಂಜೆ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ನಮ್ಮ ಹುಡುಗರು ಗೆರೆಯಾಚೆ ನಿಂತು ನೋಡಿದರು. ಹೊರಗೆ ಬಂದ ಚೆಂಡನ್ನು ಹೆಕ್ಕಿ ಕೊಟ್ಟರು. ಆಮೇಲೆ ತಾವೇ ಆಡತೊಡಗಿದರು. ಕ್ರಿಕೆಟ್ಟಿಗೆ ಬೇಕಾದಷ್ಟು ಸಾಮಾನು ಈ ಆಟಕ್ಕೆ ಬೇಕಿರಲಿಲ್ಲ. ಒಂದು ಚೆಂಡು, ಗೋಲಿಗೆ ಎರಡು ಕಲ್ಲು, ಅಸರ್ ಮತ್ತು ಮಗ್ರಿಬ್ ನಡುವಿನ ಒಂದಷ್ಟು ಬೆಳಕು ಇದ್ದರೆ ಸಾಕು. ಬೂಟು ಬೇಕಿರಲಿಲ್ಲ, ಏಕೆಂದರೆ ಬೂಟು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಬರಿಗಾಲಿನಲ್ಲಿ ಆಡಿದವರಿಗೆ ಚೆಂಡು ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದ ಮಾತು ಬರೀ ಹೊಗಳಿಕೆಯಲ್ಲ. ಕಾಲಿನ ಬೆರಳು, ಪಾದದ ಅಂಚು, ಹಿಮ್ಮಡಿ ಎಲ್ಲಕ್ಕೂ ಚೆಂಡಿನ ಸ್ಪರ್ಶ ಗೊತ್ತಿದ್ದವರ ಆಟವೇ ಬೇರೆ.

ಇಂಥ ಮೊಹಲ್ಲಾಗಳಿಂದ ಬೆಂಗಳೂರು ಮುಸ್ಲಿಮ್ಸ್ ತಂಡ ಮೂಡಿಬಂತು. ಆ ಹೆಸರು ಇಂದಿನ ಕಿವಿಗೆ ವಿಚಿತ್ರವಾಗಿ ಕೇಳಬಹುದು. ಆದರೆ ಅದು ಆ ಕಾಲದ ರೂಢಿ. ಮುಂಬಯಿಯ ಪ್ರಸಿದ್ಧ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಎಂದೇ ತಂಡಗಳಿದ್ದವು. ಉಳಿದವರೆಲ್ಲ ಸೇರಿದ ಐದನೆಯ ತಂಡವೂ ಒಂದಿತ್ತು. ಆಟವನ್ನು ಹೀಗೆ ಧರ್ಮದ ಹೆಸರಿನಲ್ಲಿ ಹಂಚುವುದು ಸರಿಯೇ ಎಂದು 1940ರಲ್ಲಿ ಗಾಂಧೀಜಿ ಪ್ರಶ್ನಿಸಿದರು. 1946ರ ಹೊತ್ತಿಗೆ ಆ ಪಂದ್ಯಾವಳಿ ನಿಂತಿತು. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ತಂಡದ ಹೆಸರಿನ ಬಗ್ಗೆ ಬರೆಯುವಾಗ ನಾವೂ ಅದನ್ನು ಮರೆಯುವಂತಿಲ್ಲ. ಮುಂದೆ ಆ ವಿಷಯಕ್ಕೆ ಬರುತ್ತೇವೆ.

1937ರ ಮುಂಬಯಿ

ರೋವರ್ಸ್ ಕಪ್ ಮುಂಬಯಿಯ ಪಂದ್ಯಾವಳಿ. 1891ರಲ್ಲಿ ಶುರುವಾದದ್ದು. ಸಿಮ್ಲಾದ ಡ್ಯೂರಾಂಡ್ ಕಪ್, ಕಲ್ಕತ್ತದ ಐಎಫ್‌ಎ ಶೀಲ್ಡ್ ಮತ್ತು ಈ ರೋವರ್ಸ್ ಕಪ್ ಮೂರೂ ಸೇರಿ ದೇಶದ ಫುಟ್‌ಬಾಲಿನ ಮೂರು ಶಿಖರಗಳಂತಿದ್ದವು. ಮೂರರಲ್ಲೂ ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳದ್ದೇ ರಾಜ್ಯ. 1911ರ ಜುಲೈ 29ರಂದು ಮೋಹನ್ ಬಗಾನ್ ಬರಿಗಾಲಿನ ಆಟಗಾರರೊಂದಿಗೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಇಡೀ ದೇಶ ಸಂಭ್ರಮಿಸಿತು. ಆದರೆ ಅದೇ ಮೋಹನ್ ಬಗಾನ್ 1923ರಲ್ಲಿ ರೋವರ್ಸ್ ಫೈನಲ್ಲಿಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. 1891ರಿಂದ 1936ರವರೆಗೆ ರೋವರ್ಸ್ ಕಪ್ಪಿನ ಮೇಲೆ ಒಂದೇ ಒಂದು ಭಾರತೀಯ ತಂಡದ ಹೆಸರೂ ಕೆತ್ತಲಾಗಲಿಲ್ಲ.

1937ರಲ್ಲಿ ಆ ಹೆಸರು ಕೆತ್ತಲಾಯಿತು. ಅದು ಬೆಂಗಳೂರು ಮುಸ್ಲಿಮ್ಸ್.

ಫೈನಲ್ಲಿನಲ್ಲಿ ಎದುರಾಳಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಅದು ಆ ಹೊತ್ತಿನಲ್ಲಿ ದೇಶದ ಅತಿ ಬಲಿಷ್ಠ ತಂಡ. 1934ರಲ್ಲಿ ಕಲ್ಕತ್ತಾ ಲೀಗಿನ ಮೊದಲ ದರ್ಜೆಗೆ ಬಂದ ವರ್ಷವೇ ಲೀಗ್ ಗೆದ್ದಿತ್ತು. ಆ ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಅದರದ್ದೇ. 1936ರಲ್ಲಿ ಐಎಫ್‌ಎ ಶೀಲ್ಡೂ ಅದರ ಪಾಲಾಗಿತ್ತು. ಬಂಗಾಳದ ಆಟಗಾರರ ಜೊತೆಗೆ ದೂರದೂರದ ಪ್ರತಿಭೆಗಳನ್ನು ಹುಡುಕಿ ತರುತ್ತಿದ್ದ ತಂಡ ಅದು. ವಾಯವ್ಯ ಗಡಿಯ ಕಡೆಯಿಂದ ಬಂದವರಿದ್ದರು, ನಮ್ಮ ಬೆಂಗಳೂರಿನಿಂದ ಹೋದವರೂ ಇದ್ದರು. ಅಂದರೆ ಕಲ್ಕತ್ತದ ಆ ಕೀರ್ತಿಯಲ್ಲಿ ಬೆಂಗಳೂರಿನ ಕಾಲುಗಳ ಪಾಲೂ ಇತ್ತು. ಅಂಥ ತಂಡವನ್ನು ನಮ್ಮವರು 1-0ಯಿಂದ ಸೋಲಿಸಿದರು.

ಮರುವರ್ಷ, 1938ರಲ್ಲಿ, ಕಪ್ ಮತ್ತೆ ಬೆಂಗಳೂರಿಗೇ ಬಂತು. ಒಂದು ಸಾರಿ ಗೆದ್ದರೆ ಅದೃಷ್ಟ ಎನ್ನುವವರಿರುತ್ತಾರೆ. ಎರಡನೆಯ ಸಾರಿ ಗೆದ್ದಾಗ ಅವರಿಗೆ ಮಾತಿಲ್ಲ. 1940ರಲ್ಲಿ ಮತ್ತೊಮ್ಮೆ ಫೈನಲ್, ಮತ್ತೊಮ್ಮೆ ಎದುರಿಗೆ ಮೊಹಮ್ಮಡನ್ ಸ್ಪೋರ್ಟಿಂಗ್. ಈ ಬಾರಿ 1-0ಯಿಂದ ಗೆದ್ದದ್ದು ಕಲ್ಕತ್ತದವರು. ಮೂರು ವರ್ಷದ ಹಿಂದಿನ ಸಾಲವನ್ನು ಅವರು ಅಷ್ಟೇ ಅಂತರದಿಂದ ತೀರಿಸಿದರು. ಅದೇ ವರ್ಷ ಅವರು ದೆಹಲಿಯಲ್ಲಿ ಡ್ಯೂರಾಂಡ್ ಕಪ್ಪನ್ನೂ ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವಾದರು. ಅಂಥವರಿಗೆ ಒಂದು ಗೋಲಿನಿಂದ ಸೋಲುವುದು ಅವಮಾನವೇನೂ ಅಲ್ಲ.

ದಾದಾ ಹೇಳಿದ ಕಥೆ, ದಾಖಲೆ ಹೇಳುವ ಕಥೆ

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾವು ಮನೆಗಳಲ್ಲಿ ಕೇಳಿ ಬೆಳೆದ ಕಥೆಯಲ್ಲಿ 1937ರ ಫೈನಲ್ಲಿನ ಎದುರಾಳಿ ಮೊಹಮ್ಮಡನ್ ಸ್ಪೋರ್ಟಿಂಗ್ ಅಲ್ಲ. ಗೋರಾ ಪಲ್ಟನ್. ದಾದಾಗಳ ಪ್ರಕಾರ ಬೂಟು ಹಾಕಿದ ಹನ್ನೊಂದು ದೈತ್ಯರು ಒಂದು ಕಡೆ, ಬರಿಗಾಲಿನ ನಮ್ಮ ಹನ್ನೊಂದು ಹುಡುಗರು ಇನ್ನೊಂದು ಕಡೆ. ಕೊನೆಯ ಗಳಿಗೆಯಲ್ಲಿ ಗೋಲು. ಆಮೇಲೆ ಸಾಹೇಬನೇ ಬಂದು ಕೈಕುಲುಕಿದ. ಚಿಕ್ಕವರಿದ್ದಾಗ ಈ ಕಥೆ ಕೇಳಿ ನಮಗೆ ಮೈ ಜುಮ್ಮೆನ್ನುತ್ತಿತ್ತು.

ದೊಡ್ಡವರಾಗಿ ಗೆದ್ದವರ ಪಟ್ಟಿ ನೋಡಿದಾಗ ಫೈನಲ್ಲಿನಲ್ಲಿ ಎರಡು ಕಡೆಯೂ ಭಾರತೀಯರೇ ಇದ್ದರು ಎಂದು ತಿಳಿಯಿತು. ಮೊದಮೊದಲು ನಿರಾಸೆಯಾಯಿತು. ಆಮೇಲೆ ಯೋಚಿಸಿದರೆ, ದಾಖಲೆಯ ಕಥೆಯೇ ಹೆಚ್ಚು ದೊಡ್ಡದು ಅನ್ನಿಸಿತು. ರೋವರ್ಸ್ ಕಪ್ಪಿನ ಫೈನಲ್ಲಿನಲ್ಲಿ ಬ್ರಿಟಿಷ್ ತಂಡವೇ ಇಲ್ಲದೆ ಎರಡು ಭಾರತೀಯ ತಂಡಗಳು ಎದುರುಬದುರಾದವು. ಅದೂ ಬ್ರಿಟಿಷರು ಇನ್ನೂ ಈ ದೇಶವನ್ನು ಆಳುತ್ತಿದ್ದ ಕಾಲದಲ್ಲಿ. ಗೋರಾ ಪಲ್ಟನ್ನು ಸೋತದ್ದಕ್ಕಿಂತ, ಫೈನಲ್ಲಿಗೇ ಬರಲಾಗದೆ ಹೋದದ್ದು ದೊಡ್ಡ ಸುದ್ದಿಯಲ್ಲವೇ?

ದಾದಾ ಸುಳ್ಳು ಹೇಳಿದರೇ? ಇಲ್ಲ. ನೆನಪು ಹಾಗೆ ಕೆಲಸ ಮಾಡುತ್ತದೆ. ಒಂದು ವರ್ಷದ ಪಂದ್ಯ ಇನ್ನೊಂದು ವರ್ಷದ್ದರ ಜೊತೆ ಬೆರೆಯುತ್ತದೆ. ದಂಡಿನ ಮೈದಾನದಲ್ಲಿ ಕಂಡ ಆಟ ಮುಂಬಯಿಯ ಆಟಕ್ಕೆ ಸೇರಿಕೊಳ್ಳುತ್ತದೆ. ದಿನನಿತ್ಯ ಬೀದಿಯಲ್ಲಿ ಗೋರಾ ಸಿಪಾಯಿಗೆ ದಾರಿಬಿಟ್ಟು ನಿಲ್ಲಬೇಕಾಗಿದ್ದವನ ಮನಸ್ಸು, ಗೆಲುವಿನ ಕಥೆಯಲ್ಲಿ ಅವನನ್ನೇ ಎದುರಾಳಿಯಾಗಿ ನಿಲ್ಲಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ತಪ್ಪೂ ಒಂದು ಬಗೆಯ ಸಾಕ್ಷಿಯೇ. ಪಂದ್ಯ ಯಾರ ವಿರುದ್ಧ ನಡೆಯಿತು ಎಂಬುದನ್ನು ಅದು ಹೇಳುವುದಿಲ್ಲ. ಆ ಗೆಲುವು ಜನರಿಗೆ ಏನಾಗಿತ್ತು ಎಂಬುದನ್ನು ಹೇಳುತ್ತದೆ.

ನಮ್ಮ ಪರಂಪರೆಯಲ್ಲಿ ಇದಕ್ಕೊಂದು ಶಿಸ್ತು ಇದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸ್ವೀಕರಿಸಲಿಲ್ಲ. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು, ಅವರಿಬ್ಬರೂ ನಿಜಕ್ಕೂ ಭೇಟಿಯಾಗಿದ್ದರೇ, ಹೇಳಿದವರ ನೆನಪಿನ ಶಕ್ತಿ ಹೇಗಿತ್ತು ಎಂದು ಒಂದೊಂದನ್ನೂ ಕೇಳಿ ಪರೀಕ್ಷಿಸಿದರು. ಇಸ್ನಾದ್ ಎಂದರೆ ಅದೇ. ಒಂದು ಫುಟ್‌ಬಾಲ್ ಪಂದ್ಯದ ನೆನಪನ್ನು ಆ ಪವಿತ್ರ ವಿದ್ಯೆಗೆ ಹೋಲಿಸುತ್ತಿಲ್ಲ. ಆದರೆ "ಯಾರಿಂದ ಕೇಳಿದೆ?" ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಆ ಪ್ರಶ್ನೆ ಕೇಳುವ ಅಭ್ಯಾಸವಿದ್ದ ಸಮುದಾಯ ತನ್ನದೇ ಊರಿನ ಚರಿತ್ರೆಯನ್ನು ಗಾಳಿಮಾತಿಗೆ ಬಿಟ್ಟದ್ದು ಸರಿಯಲ್ಲ ಎಂಬುದಷ್ಟೇ ನಮ್ಮ ಮಾತು.

1948: ಆ ವರ್ಷ ಎಂಥದ್ದು

ಮೂರನೆಯ ರೋವರ್ಸ್ ಕಪ್ ಬಂದದ್ದು 1948ರಲ್ಲಿ. ಫೈನಲ್ಲಿನಲ್ಲಿ ಮೋಹನ್ ಬಗಾನ್ ವಿರುದ್ಧ 1-0 ಗೆಲುವು. ಅಂಕಿ ನೋಡಿದರೆ ಇನ್ನೊಂದು ಗೆಲುವು ಅಷ್ಟೆ. ಆದರೆ ಆ ವರ್ಷ ಎಂಥದ್ದು ಎಂಬುದನ್ನು ನೆನೆಯಬೇಕು.

ದೇಶ ಎರಡಾಗಿ ಒಂದು ವರ್ಷವಾಗಿತ್ತಷ್ಟೆ. ಲಕ್ಷಾಂತರ ಜನ ಮನೆಮಠ ಕಳೆದುಕೊಂಡಿದ್ದರು. ಗಾಂಧೀಜಿಯನ್ನು ಜನವರಿಯಲ್ಲಿ ಕೊಲ್ಲಲಾಗಿತ್ತು. ದಕ್ಷಿಣದಲ್ಲಿ ರಕ್ತಪಾತ ಉತ್ತರದಷ್ಟಿಲ್ಲದಿದ್ದರೂ ಭಯ ಎಲ್ಲ ಕಡೆಯೂ ಇತ್ತು. ಹೋಗುವುದೋ ಉಳಿಯುವುದೋ ಎಂಬ ಮಾತು ಮನೆಮನೆಯಲ್ಲೂ ನಡೆಯುತ್ತಿತ್ತು. ಬೆಂಗಳೂರಿನಿಂದ ಹೊರಟವರೂ ಇದ್ದರು. ಹೆಚ್ಚಿನವರು ಉಳಿದರು. ಅಂಥ ಹೊತ್ತಿನಲ್ಲಿ ಹೆಸರಿನಲ್ಲೇ 'ಮುಸ್ಲಿಮ್ಸ್' ಎಂದಿದ್ದ ತಂಡವೊಂದು ರೈಲು ಹತ್ತಿ ಮುಂಬಯಿಗೆ ಹೋಯಿತು. ಮೈದಾನಕ್ಕಿಳಿಯಿತು. ಆಡಿತು. ಗೆದ್ದಿತು. ಕಪ್ ಹಿಡಿದು ತನ್ನ ಊರಿಗೆ ಮರಳಿತು. ತನ್ನ ಊರು ಎಂದರೆ ಬೆಂಗಳೂರು. ನಾವು ಇಲ್ಲಿಯವರು ಎಂದು ಭಾಷಣ ಮಾಡುವ ಅಗತ್ಯವೇ ಅವರಿಗೆ ಬರಲಿಲ್ಲ.

ಅದೇ ವರ್ಷ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿ 2-1ರಿಂದ ಸೋತರೂ, ನೋಡಿದವರು ಹೊಗಳಿದ್ದು ಭಾರತದ ಆಟವನ್ನು. ಭಾರತದ ಪರವಾಗಿ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಅದೇ ತಂಡದಲ್ಲಿ ಬೆಂಗಳೂರಿನ ಇನ್ನೊಬ್ಬ ಹುಡುಗನಿದ್ದ. ಬೆಂಗಳೂರು ಮುಸ್ಲಿಮ್ಸ್ ಅಂಗಳದಲ್ಲಿ ಆಡಿ ಬೆಳೆದವನು. ಹೆಸರು ಅಹ್ಮದ್ ಖಾನ್.

ಅಹ್ಮದ್ ಖಾನ್ ಮತ್ತು ಪಂಚ ಪಾಂಡವರು

ಅಹ್ಮದ್ ಮೊಹಮ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಬರಿಗಾಲಿನ ಆಟದ ಕಲೆ ಅವರಲ್ಲಿ ಪರಿಪೂರ್ಣವಾಗಿತ್ತು. ಚೆಂಡು ಅವರ ಕಾಲ ಬಳಿ ಬಂದರೆ ಹಾವಾಡಿಗನ ಮುಂದೆ ಹಾವು ಆಡಿದಂತೆ ಆಡುತ್ತದೆ ಎಂದು ಕಲ್ಕತ್ತದವರು ಹೇಳುತ್ತಿದ್ದರು. ಅವರು ಎರಡು ಒಲಿಂಪಿಕ್ಸ್ ಆಡಿದರು: 1948ರ ಲಂಡನ್, 1952ರ ಹೆಲ್ಸಿಂಕಿ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತ ಆ ಕಹಿ ದಿನದಲ್ಲಿ ನಮ್ಮ ಕಡೆಯ ಒಂದೇ ಗೋಲು ಅವರದ್ದು. ಆ ಒಲಿಂಪಿಕ್ಸ್ ಆದ ಮೇಲೆಯೇ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು.

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಆ ತಂಡದ ಮುಂಚೂಣಿಯಲ್ಲಿ ಐವರಿದ್ದರು: ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಐವರೂ ದಕ್ಷಿಣ ಭಾರತದವರು. ಕಲ್ಕತ್ತದ ಜನ ಅವರಿಗೆ ಇಟ್ಟ ಹೆಸರು ಪಂಚ ಪಾಂಡವರು.

ಈ ಹೆಸರಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಈಸ್ಟ್ ಬೆಂಗಾಲ್ ತಂಡದ ಅಭಿಮಾನಿಗಳು ಯಾರು? ಪೂರ್ವ ಬಂಗಾಳದ ಮೂಲದವರು. ವಿಭಜನೆಯಲ್ಲಿ ಮನೆ, ಹೊಲ, ಊರು ಬಿಟ್ಟು ಬಂದು ಕಲ್ಕತ್ತದ ನಿರಾಶ್ರಿತರ ಕಾಲೊನಿಗಳಲ್ಲಿ ದಿನ ದೂಡುತ್ತಿದ್ದ ಹಿಂದೂ ಕುಟುಂಬಗಳು ಅವರಲ್ಲಿ ಬಹಳ ಇದ್ದವು. ಧರ್ಮದ ಹೆಸರಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಗಾಯ ಇನ್ನೂ ಹಸಿಯಾಗಿದ್ದಾಗ, ಅದೇ ಜನ ತಮ್ಮ ಐವರು ವೀರರಿಗೆ ಮಹಾಭಾರತದಿಂದ ಹೆಸರು ಆರಿಸಿ ಕೊಟ್ಟರು. ಆ ಐವರಲ್ಲಿ ಇಬ್ಬರು, ಅಹ್ಮದ್ ಖಾನ್ ಮತ್ತು ಸಾಲೇಹ್, ಮುಸ್ಲಿಮರು. ಯಾರೂ ಅವರನ್ನು ಬಿಟ್ಟು ಮೂವರು ಪಾಂಡವರು ಎನ್ನಲಿಲ್ಲ.

ಇಂಥದ್ದು ಯಾವ ಸರ್ಕಾರದ ಆದೇಶದಿಂದಲೂ ಆಗುವುದಿಲ್ಲ. ಪ್ರತಿ ಶನಿವಾರ ಮೈದಾನದಲ್ಲಿ ಕಷ್ಟಪಟ್ಟು ಆಡಿದವರನ್ನು ಜನ ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ. ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರಿನ ಪ್ರಶ್ನೆಗೆ ನಮಗೆ ಸಿಗುವ ಉತ್ತರವೂ ಇಲ್ಲಿಯೇ ಇದೆ. ಹೆಸರು ಒಂದು ಸಮುದಾಯದ್ದಾಗಿತ್ತು, ನಿಜ. ಬಡ ಹುಡುಗರಿಗೆ ಚೆಂಡು ಕೊಟ್ಟು, ಒಂದು ತಂಡ ಎಂದು ಸೇರಿಸಿ, ರೈಲು ಹತ್ತಿಸುವಷ್ಟು ಕೆಲಸವನ್ನು ಆ ಹೆಸರು ಮಾಡಿತು. ಆದರೆ ಅಲ್ಲಿ ತಯಾರಾದ ಆಟಗಾರ ಆ ಹೆಸರಿನೊಳಗೆ ಮುಚ್ಚಿಕೊಂಡು ಕೂರಲಿಲ್ಲ. ಅವನು ಮೈಸೂರಿಗಾಗಿ ಆಡಿದ, ಕಲ್ಕತ್ತಕ್ಕಾಗಿ ಆಡಿದ, ಭಾರತಕ್ಕಾಗಿ ಆಡಿದ. ಮನೆ ಎಂಬುದು ಹೀಗಿರಬೇಕು: ಬೆಳೆಸಬೇಕು, ಆಮೇಲೆ ಬಾಗಿಲು ತೆರೆದು ಕಳಿಸಬೇಕು. ತನ್ನವರಿಗಾಗಿ ದುಡಿಯುವುದಕ್ಕೂ, ತನ್ನವರೆಂಬ ಕಾರಣಕ್ಕೆ ಕುರುಡಾಗಿ ಪಕ್ಷ ವಹಿಸುವ ಅಸಬಿಯ್ಯತ್ತಿಗೂ ಇರುವ ವ್ಯತ್ಯಾಸವನ್ನು ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಮೈದಾನದಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಮೈಸೂರು ತಂಡದ ಮಾತು ಬಂತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲು ಗೆದ್ದದ್ದು 1946-47ರಲ್ಲಿ, ಎರಡನೆಯ ಬಾರಿ 1952-53ರಲ್ಲಿ. ಎರಡು ಸಲವೂ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ, ಎರಡು ಸಲವೂ ಸೋತದ್ದು ಬಂಗಾಳ. ಆಗಿನ ಬೆಂಗಳೂರು ಕಲ್ಕತ್ತಕ್ಕೆ ಸರಿಸಾಟಿಯಾಗಿ ನಿಲ್ಲುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಂಡ ಹೇಗೆ ಮರೆಯಾಯಿತು

ಒಂದು ಕ್ಲಬ್ಬು ಒಂದೇ ದಿನ ಸಾಯುವುದಿಲ್ಲ. ಬಾಗಿಲಿಗೆ ಬೀಗ ಬೀಳುವ ಮೊದಲೇ ಒಳಗಿನ ದೀಪಗಳು ಒಂದೊಂದಾಗಿ ಆರುತ್ತವೆ.

ಮೊದಲನೆಯ ಕಾರಣ ಕಲ್ಕತ್ತ. ಅಲ್ಲಿನ ದೊಡ್ಡ ಕ್ಲಬ್ಬುಗಳ ಬಳಿ ಹಣವಿತ್ತು, ಸಾವಿರಾರು ಪ್ರೇಕ್ಷಕರಿದ್ದರು, ಹೆಸರು ಮಾಡುವ ಅವಕಾಶವಿತ್ತು. ಇಲ್ಲಿ ಒಬ್ಬ ಹುಡುಗ ಕಣ್ಣಿಗೆ ಬಿದ್ದರೆ ಮರುವರ್ಷ ಅವನು ಹೌರಾ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದ. ಬೆಳೆಸಿದ ಕ್ಲಬ್ಬಿಗೆ ಸಿಗುತ್ತಿದ್ದದ್ದು ಹೆಮ್ಮೆ ಮಾತ್ರ. ಹೆಮ್ಮೆಯಿಂದ ಮುಂದಿನ ವರ್ಷದ ತಂಡ ಕಟ್ಟಲು ಆಗುವುದಿಲ್ಲ.

ಎರಡನೆಯ ಕಾರಣ ನೌಕರಿ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿಗೆ ದೊಡ್ಡ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆಟಗಾರನಿಗೆ ತಿಂಗಳ ಸಂಬಳ, ಮನೆ, ಆಸ್ಪತ್ರೆ, ನಿವೃತ್ತಿ ವೇತನ ಕೊಡುವ ತಂಡದ ಮುಂದೆ, ಪಂದ್ಯ ಮುಗಿದ ಮೇಲೆ ಚಹಾ ಬಿಸ್ಕತ್ತು ಕೊಡುವ ಮೊಹಲ್ಲಾದ ಕ್ಲಬ್ಬು ಹೇಗೆ ನಿಂತೀತು? ಮದುವೆ ವಯಸ್ಸಿನ ತಂಗಿಯಿದ್ದ ಅಣ್ಣ ಕಾರ್ಖಾನೆಯ ತಂಡಕ್ಕೆ ಹೋದರೆ ಅದನ್ನು ದ್ರೋಹ ಎನ್ನಲಾದೀತೇ? ಮನೆಯವರು ಶುಕ್ರ್ ಹೇಳಿ ಸಿಹಿ ಹಂಚಿದರು. ಕ್ಲಬ್ಬು ಒಬ್ಬ ಆಟಗಾರನನ್ನು ಕಳೆದುಕೊಂಡಿತು. ಎರಡೂ ನಿಜ.

ಮೂರನೆಯ ಕಾರಣ ಮೈದಾನ. ಊರು ಬೆಳೆದಂತೆ ಖಾಲಿ ಜಾಗಗಳು ಕರಗಿದವು. ಆರ್‌ಬಿಎಎನ್‌ಎಂಎಸ್ ಮೈದಾನದಂಥ ಕೆಲವು ಉಳಿದುಕೊಂಡವು. ಆದರೆ ಗಲ್ಲಿಯ ಕೊನೆಯಲ್ಲಿದ್ದ, ಹೆಸರೇ ಇಲ್ಲದ ಬಯಲುಗಳು ಹೋದವು. ಆಟಗಾರ ಹುಟ್ಟುವುದು ಕ್ರೀಡಾಂಗಣದಲ್ಲಲ್ಲ, ಅಂಥ ಬಯಲಿನಲ್ಲಿ. ಬಯಲು ಹೋದ ಮೇಲೆ ಕ್ಲಬ್ಬು ಬೇರು ಕಿತ್ತ ಗಿಡವಾಯಿತು.

ನಾಲ್ಕನೆಯದು ನಮ್ಮದೇ ಸಮುದಾಯದ ಬದಲಾವಣೆ. ದಂಡು ಹೋದ ಮೇಲೆ ಅದನ್ನು ನೆಚ್ಚಿಕೊಂಡಿದ್ದ ಕಸುಬುಗಳು ಕುಗ್ಗಿದವು. ತಂಡಕ್ಕೆ ಕೈಯಿಂದ ದುಡ್ಡು ಹಾಕುತ್ತಿದ್ದ ವ್ಯಾಪಾರಿಗಳ ಕೈ ಬಿಗಿಯಾಯಿತು. ಮಕ್ಕಳನ್ನು ಓದಿಸಬೇಕು, ಅಂಗಡಿ ಉಳಿಸಿಕೊಳ್ಳಬೇಕು ಎಂಬ ಚಿಂತೆ ಮುಂದಾಯಿತು. ಅದೂ ಸಹಜವೇ.

ಹೀಗೆ ಮುಂಬಯಿಯಲ್ಲಿ ಮೂರು ಸಾರಿ ಕಪ್ ಎತ್ತಿದ ಹೆಸರು ಮೊದಲು ದೊಡ್ಡ ಪಂದ್ಯಾವಳಿಗಳಿಂದ, ಆಮೇಲೆ ಪತ್ರಿಕೆಗಳಿಂದ, ಕೊನೆಗೆ ಮನೆಯ ಮಾತಿನಿಂದಲೂ ಮರೆಯಾಯಿತು. ಅದರ ಜಾಗಕ್ಕೆ ಬಂದ ಕಾರ್ಖಾನೆ ತಂಡಗಳ ವೈಭವವೂ ಶಾಶ್ವತವಾಗಿರಲಿಲ್ಲ. ರಾಷ್ಟ್ರೀಯ ಲೀಗಿನಲ್ಲಿ ಆಡಿದ ಐಟಿಐ, ಐ-ಲೀಗ್‌ನಲ್ಲಿ ಆಡಿದ ಎಚ್‌ಎಎಲ್ ಕೂಡ ಹಿಂದೆ ಸರಿದವು. ರೋವರ್ಸ್ ಕಪ್ ಎಂಬ ಪಂದ್ಯಾವಳಿಯೇ 2001ರ ಹೊತ್ತಿಗೆ ನಿಂತುಹೋಯಿತು. ಗೆದ್ದ ತಂಡವೂ ಇಲ್ಲ, ಗೆದ್ದ ಕಪ್ಪಿಗಾಗಿ ಆಡುವವರೂ ಇಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಹೊಸ ತಲೆಮಾರಿನವರು ಕುಣಿದರು. ಒಳ್ಳೆಯದೇ. ಬೆಂಗಳೂರಿನ ಫುಟ್‌ಬಾಲ್ ಈಗ ಶುರುವಾಯಿತು ಎಂದು ಕೆಲವರು ಹೇಳಿದಾಗ ಮಾತ್ರ ಮೂಲೆಯಲ್ಲಿ ಕುಳಿತ ಒಬ್ಬಿಬ್ಬರು ಹಿರಿಯರು ಮುಗುಳ್ನಕ್ಕಿರಬೇಕು.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷ ವಯಸ್ಸಾಗಿತ್ತು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಎರಡು ಒಲಿಂಪಿಕ್ಸ್ ಆಡಿದ, ದೇಶಕ್ಕೆ ಚಿನ್ನ ತಂದ ಆಟಗಾರ ನಮ್ಮ ನಡುವೆಯೇ, ನಮ್ಮ ಬೀದಿಗಳಲ್ಲೇ ಅಷ್ಟು ವರ್ಷ ನಡೆದಾಡಿಕೊಂಡಿದ್ದರು. ನಮ್ಮಲ್ಲಿ ಎಷ್ಟು ಜನ ಹೋಗಿ ಅವರ ಪಕ್ಕ ಕುಳಿತು "ಆ ದಿನಗಳ ಬಗ್ಗೆ ಹೇಳಿ ಚಾಚಾ" ಎಂದು ಕೇಳಿದೆವು?

ಈಗ ನಮ್ಮ ಕೈಯಲ್ಲಿ ಉಳಿದದ್ದು

2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯದ ವಿರುದ್ಧ 3-2. ಫೈನಲ್ ನಡೆದದ್ದು ಇಲ್ಲಲ್ಲ, ಸೌದಿ ಅರೇಬಿಯಾದ ರಿಯಾದಿನಲ್ಲಿ. ಕೊಲ್ಲಿಯಲ್ಲಿ ದುಡಿಯುತ್ತಿರುವ ನಮ್ಮ ಮನೆಗಳ ಹುಡುಗರಿಗೆ ಅದು ಎರಡು ಪಟ್ಟು ಸಂತೋಷ. ಊರಿನ ತಂಡ ತಾವಿರುವಲ್ಲಿಗೇ ಬಂದು ಗೆದ್ದಿತ್ತು. ಆ ರಾತ್ರಿ ಮೊಬೈಲಿನಲ್ಲಿ ಬಂದ ಫೋಟೊಗಳನ್ನು ನೋಡುತ್ತಾ ನಮಗನ್ನಿಸಿದ್ದು ಇಷ್ಟು: ಈ ಫೋಟೊಗಳು ಉಳಿಯುತ್ತವೆ. 1937ರವು ಎಲ್ಲಿ?

ಎಲ್ಲೋ ಇರಬಹುದು. ಯಾರದೋ ಮನೆಯ ಟ್ರಂಕಿನ ತಳದಲ್ಲಿ, ನಿಕಾಹ್‌ನಾಮೆಯ ಕೆಳಗೆ, ಬಣ್ಣಗೆಟ್ಟ ಒಂದು ಗುಂಪು ಚಿತ್ರ ಇರಬಹುದು. ಕೈಕಟ್ಟಿ ನಿಂತ ಹನ್ನೊಂದು ಹುಡುಗರು, ಮುಂದೆ ಕುಳಿತ ಇಬ್ಬರು, ನಡುವೆ ಒಂದು ಕಪ್. ಹಿಂಬದಿಯಲ್ಲಿ ಉರ್ದುವಿನಲ್ಲಿ ಹೆಸರುಗಳು. ಮನೆ ಸುಣ್ಣ ಬಳಿಯುವಾಗ, ಮನೆ ಬದಲಿಸುವಾಗ, ಆಸ್ತಿ ಪಾಲಾಗುವಾಗ ಇಂಥವು ಹಳೇ ಕಾಗದದವನ ಗಾಡಿ ಸೇರುತ್ತವೆ. ಉರ್ದು ಓದಲು ಬಾರದ ಮೊಮ್ಮಗನಿಗೆ ಹಿಂಬದಿಯ ಅಕ್ಷರ ಏನೆಂದೇ ಗೊತ್ತಾಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಸರಳವಾದದ್ದು. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಮುಂದಿನ ಜುಮಾ ಊಟದ ನಂತರ ಅವರ ಬಳಿ ಕುಳಿತುಕೊಳ್ಳಿ. ಫುಟ್‌ಬಾಲ್ ಬಗ್ಗೆ ಕೇಳಿ. ಅವರು ಆಡದಿದ್ದರೆ ಅವರ ಅಣ್ಣ ಆಡಿರಬಹುದು, ನೆರೆಮನೆಯವರು ಆಡಿರಬಹುದು. ದಾದಿ ನಾನಿಯರನ್ನೂ ಕೇಳಿ. ಮಣ್ಣಾದ ಬಟ್ಟೆ ಒಗೆದವರು, ಊದಿಕೊಂಡ ಪಾದಕ್ಕೆ ಅರಿಶಿನ ಕಟ್ಟಿದವರು, ಮುಂಬಯಿಯಿಂದ ಸುದ್ದಿ ಬರುವವರೆಗೆ ದುಆ ಮಾಡುತ್ತಾ ಕುಳಿತವರು ಅವರ ತಾಯಂದಿರು. ಆ ಪಾಲು ಯಾವ ಪಟ್ಟಿಯಲ್ಲೂ ಇಲ್ಲ. ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿ, ಕಾಗದದ ಮೇಲೂ ಬರೆಯಿರಿ. ಯಾರು ಹೇಳಿದರು, ಅವರು ಕಣ್ಣಾರೆ ಕಂಡರೋ ಇನ್ನೊಬ್ಬರಿಂದ ಕೇಳಿದರೋ, ಯಾವ ಮೈದಾನ, ಸುಮಾರು ಯಾವ ವರ್ಷ ಎಂಬುದನ್ನು ತಪ್ಪದೆ ಸೇರಿಸಿ. ಕಥೆ ದಾಖಲೆಗೆ ಹೊಂದದಿದ್ದರೆ ಕಥೆಯನ್ನು ಎಸೆಯಬೇಡಿ, ದಾಖಲೆಯನ್ನೂ ತಿದ್ದಬೇಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ.

ಅಮಾನತ್ ಎಂದಾಗ ನಮಗೆ ನೆನಪಾಗುವುದು ಯಾರೋ ನಂಬಿ ಕೊಟ್ಟ ಹಣ, ಒಡವೆ. ಹಿರಿಯರು ಮಾಡಿದ ಒಳ್ಳೆಯ ಕೆಲಸದ ನೆನಪೂ ಅಮಾನತ್ತೇ. ಅದು ನಮ್ಮ ಸ್ವತ್ತಲ್ಲ, ಮುಂದಿನವರಿಗೆ ತಲುಪಿಸಲು ನಮ್ಮ ಕೈಗೆ ಬಂದದ್ದು. ಈ ಊರನ್ನು ಕಟ್ಟಿದ್ದರಲ್ಲಿ ನಿಮ್ಮ ಪಾಲೇನು ಎಂದು ನಮ್ಮ ಮಕ್ಕಳನ್ನು ಯಾರಾದರೂ ಕೇಳುವ ದಿನ ಬರಬಹುದು. ಅವತ್ತು ಅವರು ಕೋಪಿಸಿಕೊಳ್ಳದೆ, ತಲೆ ತಗ್ಗಿಸದೆ, 1937, 1938, 1948 ಎಂದು ಮೂರು ಅಂಕಿಗಳನ್ನು ಸಮಾಧಾನವಾಗಿ ಹೇಳುವಂತಿರಬೇಕು. ಆಮೇಲೆ ಎದ್ದು, ಚೆಂಡು ಹಿಡಿದು, ಕೇಳಿದವನನ್ನೂ ಜೊತೆಗೆ ಕರೆದುಕೊಂಡು ಮೈದಾನಕ್ಕೆ ಹೋಗಬೇಕು. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ.